ಮಗು ರಾಗಿಯಲ್ಲಿ ಆಡುವಾಗ ನೀವು ಏನು ಮಾಡುತ್ತೀರಿ?

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ. ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಸಿ ಆರು ತಿಂಗಳಾಯಿತು. ಮೊಬೈಲಿನಲ್ಲಿ ನೋಡಿ ಸೆನ್ಸರಿ ಆಟ (ಮುಟ್ಟಿ, ಸುರಿದು ಆಡುವ ಆಟ) ಶುರು ಮಾಡಿದ್ದೇವೆ. ರಾಗಿ, ಅಕ್ಕಿ, ಬಣ್ಣದ ಮರಳು, ನೀರು ಎಲ್ಲ ಕೊಡುತ್ತೇವೆ. ಗಂಟೆಗಟ್ಟಲೆ ಸುಮ್ಮನೆ ಆಡುತ್ತಾಳೆ, ಮಾತು ಮಾತ್ರ ಬರುತ್ತಿಲ್ಲ. ಇನ್ನೂ ಒಳ್ಳೆಯ ಕಿಟ್ ತರಿಸಬೇಕೇ?
— ತಾಯಿ, ಹಾಸನ

ಉತ್ತರ: ಯಾವ ಕಿಟ್ಟೂ ಬೇಡಮ್ಮ. ‘ಸುಮ್ಮನೆ ಆಡುತ್ತಾಳೆ’ ಎಂದು ಬರೆದಿದ್ದೀರಲ್ಲ, ತೊಂದರೆ ಇರುವುದು ಅಲ್ಲೇ. ಇದೇ ಪತ್ರ ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತಿದೆ. ರಾಗಿ ಮುಟ್ಟಿದ ಮಾತ್ರಕ್ಕೆ ಮಾತು ಬರುತ್ತದೆ ಎಂದು ನಂಬಿಸಿ ಡಬ್ಬಿ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಗುವಿನ ಮನಸ್ಸು ಯಾವುದರಲ್ಲಿ ನೆಟ್ಟಿದೆಯೋ ಅದರ ಮಾತು ಅದೇ ಹೊತ್ತಿಗೆ ಕಿವಿಗೆ ಬೀಳಬೇಕು. ಆಟದಿಂದ ಸಿಗುವ ಲಾಭ ಅದೊಂದೇ. ನೀವು ಅಡುಗೆಮನೆಯಲ್ಲಿ, ಅವಳು ಹಜಾರದಲ್ಲಿ ರಾಗಿಯ ಮುಂದೆ ಎಂದಾದರೆ ಏನೂ ಆಗುವುದಿಲ್ಲ.

ಮೊದಲು ಸದ್ದು ಕಡಿಮೆ ಮಾಡಿ. ಸ್ಟೀಲ್ ತಟ್ಟೆಗೆ ಕಾಳು ಸುರಿದರೆ ಆ ಸದ್ದನ್ನೂ ಸಾಧನ ಜೋರು ಮಾಡುತ್ತದೆ, ನಿಮ್ಮ ದನಿ ಅದರಡಿ ಮುಚ್ಚಿಹೋಗುತ್ತದೆ. ಮೊರದಲ್ಲಿ ಹಾಕಿಕೊಡಿ, ಇಲ್ಲವೇ ತಟ್ಟೆಗೆ ಹಳೆಯ ಪಂಚೆ ಹಾಸಿ. ಟಿ.ವಿ., ಮಿಕ್ಸಿ ಆರಿಸಿ. ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತುಕೊಳ್ಳಿ. ದೂರ ಎರಡರಷ್ಟಾದರೆ ದನಿ ಸುಮಾರು 6 ಡೆಸಿಬೆಲ್ (ಸದ್ದಿನ ಅಳತೆ) ಇಳಿಯುತ್ತದೆ. ಕೋಣೆಯ ಆ ತುದಿಯಿಂದ ಕೂಗುವುದಕ್ಕಿಂತ ಹತ್ತಿರ ಕೂತು ಮಾಮೂಲಿ ದನಿಯಲ್ಲಿ ಹೇಳುವುದು ಮೇಲು.

ಕೈ ರಾಗಿಯಲ್ಲಿದ್ದಾಗ ಕಣ್ಣೂ ಅಲ್ಲೇ ಇರುತ್ತದೆ. ಆಗ ಎಡೆಬಿಡದೆ ಮಾತಾಡಿ ಪ್ರಯೋಜನವಿಲ್ಲ. ಒಂದು ಹಿಡಿ ರಾಗಿ ನಿಮ್ಮ ಮುಷ್ಟಿಯಲ್ಲಿ ಹಿಡಿದು ಸುಮ್ಮನಿರಿ. ‘ಯಾಕೆ ಹಾಕಲಿಲ್ಲ?’ ಎಂದು ತಲೆ ಎತ್ತುತ್ತಾಳೆ. ಆಗ ‘ಸುರೀಲಾ?’ ಎಂದು ಕೇಳಿ, ಕಾಯಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಅವಳು ‘ಊ’ ಅಂದರೂ ಅದನ್ನು ಉತ್ತರವೆಂದೇ ತಿಳಿದು ‘ಹೂಂ, ಸುರೀತೀನಿ!’ ಎಂದು ಸುರಿಯಿರಿ. ಮಾತು ಮೊದಲು, ವಸ್ತು ಆಮೇಲೆ. ಬೊಂಬೆಯನ್ನು ರಾಗಿಯಲ್ಲಿ ಹೂತಿಟ್ಟು ‘ಪಾಪು ಎಲ್ಲಿ?’ ಎಂದು ಕೇಳಿಸಿಯೇ ತೆಗೆಯಿರಿ. ಕಣ್ಣಿಗೆ ಮೊದಲೇ ಕಂಡುಬಿಟ್ಟರೆ ಕಿವಿಗೆ ಕೆಲಸವೇ ಉಳಿಯುವುದಿಲ್ಲ.

ನಮ್ಮ ಭಾಷೆಯ ಒಂದು ಗುಣ ಇಲ್ಲಿ ಮುಖ್ಯ. ಡಬ್ಬಿಗೆ, ಡಬ್ಬಿಯಲ್ಲಿ, ಡಬ್ಬಿಯಿಂದ: ವ್ಯತ್ಯಾಸವೆಲ್ಲ ಪದದ ತುದಿಯಲ್ಲಿದೆ. ಆ ತುದಿಯನ್ನೇ ನಾವು ಅವಸರದಲ್ಲಿ ನುಂಗುತ್ತೇವೆ, ಕೇಳಿಸುವುದು ಕಡಿಮೆ ಇರುವ ಮಗುವಿಗೆ ಅದು ದಕ್ಕುವುದೇ ಇಲ್ಲ. ಕಾಳಿನ ಆಟ ಇದಕ್ಕೆ ಹೇಳಿ ಮಾಡಿಸಿದಂತಿದೆ. ‘ಡಬ್ಬಿಗೆ ಹಾಕು’, ‘ಡಬ್ಬಿಯಿಂದ ತೆಗಿ’ ಎಂದು ಅದನ್ನೇ ದಿನವೂ ಆಡಿ. ಅಕ್ಷರ ಅಕ್ಷರ ಒಡೆದು ಹೇಳಬೇಡಿ. ಚಿಕ್ಕದಾದರೂ ಪೂರ್ತಿ ವಾಕ್ಯವಾಗಿರಲಿ, ದನಿಯಲ್ಲಿ ಏರಿಳಿತವಿರಲಿ. ‘ಇದೇನು ಹೇಳು, ಇದೇನು ಹೇಳು’ ಎಂಬ ಪರೀಕ್ಷೆಯನ್ನು ದಯವಿಟ್ಟು ನಿಲ್ಲಿಸಿ. ಅಜ್ಜಿ, ತಾತನಿಗೂ ಇದನ್ನು ತಿಳಿಸಿ.

ನೀರಾಟಕ್ಕೆಂದು ಸಾಧನ ತೆಗೆದಿಟ್ಟರೆ ಆ ಹೊತ್ತಿನ ಮಾತೆಲ್ಲ ವ್ಯರ್ಥ. ಬಕೆಟ್ ಬೇಡ, ಲೋಟದಿಂದ ಲೋಟಕ್ಕೆ ಸುರಿಯಲಿ, ಸಾಧನ ಕಿವಿಯಲ್ಲೇ ಇರಲಿ. ಸ್ನಾನಕ್ಕೆ, ನಿದ್ದೆಗೆ ಮಾತ್ರ ತೆಗೆಯಿರಿ. ಕಡಲೆ, ಹೆಸರುಕಾಳು ಮೂಗಿಗೆ, ಗಂಟಲಿಗೆ ಹೋಗುತ್ತವೆ. ಈ ವಯಸ್ಸಿಗೆ ಅವನ್ನು ಕೊಡಲೇಬೇಡಿ. ರಾಗಿ ಆಡುವಾಗಲೂ ಎದ್ದು ಹೋಗಬೇಡಿ. ಸಾಧನದ ಬ್ಯಾಟರಿ ನುಂಗಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಿ.

ಇನ್ನೊಂದು ಮಾತು, ಇದು ಆಟಕ್ಕಿಂತ ದೊಡ್ಡದು. ದಿನವೂ ಬೆಳಿಗ್ಗೆ ಅವಳ ಬೆನ್ನ ಹಿಂದೆ ಕೂತು ಆ, ಈ, ಊ, ಮ್, ಶ್, ಸ್ ಎಂದು ಒಂದೊಂದಾಗಿ ಹೇಳಿ ನೋಡಿ. ದಿನವಿಡೀ ಸಾಧನ ಹಾಕಿಕೊಂಡೂ ಯಾವುದಕ್ಕೂ ತಿರುಗದಿದ್ದರೆ ಇನ್ನಷ್ಟು ರಾಗಿ ಸುರಿಯುತ್ತ ತಿಂಗಳು ಕಳೆಯಬೇಡಿ. ಸಾಧನ ಹಾಕಿಯೇ ಮತ್ತೆ ಪರೀಕ್ಷೆ ಮಾಡಿಸಿ. ಕಿವಿಯೊಳಗೆ ಕೂರುವ ಸಾಧನದ ಅಚ್ಚು ಸಡಿಲವಾಗಿದೆಯೇ ನೋಡಿಸಿ, ಮಕ್ಕಳ ಕಿವಿ ಬೇಗ ಬೆಳೆಯುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಯಲ್ಲಿ ಕೂರಿಸುವ ಸಾಧನ) ಬೇಕೇ ಎಂದು ಈಗಲೇ ಕೇಳಿ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಹುಟ್ಟಿನಿಂದ ಕೇಳಿಸದ ಮಕ್ಕಳಿಗೆ ಇದರ ನೆರವು 5 ವರ್ಷದೊಳಗೆ ಮಾತ್ರ. ಹಾಸನದಿಂದ ಮೈಸೂರು ದೂರವಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ.

ಪ್ರಶ್ನೆ: ಕಿವಿ ಕೇಳಿಸದ ಮಗುವಿಗೆ ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದೆಯೇ?
— ತಿಪಟೂರು

ಉತ್ತರ: ಇಲ್ಲ. ತೊಂದರೆ ಕಿವಿಯದು, ನಾಲಿಗೆಯದಲ್ಲ. ನಾಲಿಗೆಯಡಿಯ ಪೊರೆ ಕತ್ತರಿಸಿದರೆ ಸರಿಹೋಗುತ್ತದೆ ಎನ್ನುವವರಿಗೂ ಇದೇ ಉತ್ತರ.

ಪ್ರಶ್ನೆ: ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಡಬಹುದೇ?
— ಗದಗ

ಉತ್ತರ: ಒಂದು ಹನಿಯೂ ಬೇಡ.

ಪ್ರಶ್ನೆ: ಕೈಸನ್ನೆ ಮಾಡಿದರೆ ಮಗು ಮಾತು ಕಲಿಯದೆ ಸೋಮಾರಿಯಾಗುತ್ತದಂತೆ, ನಿಜವೇ?
— ಸಿರಸಿ

ಉತ್ತರ: ಸುಳ್ಳು. ಕೈಬೀಸಿ ‘ಬಾ’ ಅನ್ನದ ತಾಯಿ ಎಲ್ಲಿದ್ದಾಳೆ? ಸನ್ನೆಯ ಜೊತೆ ಮಾತೂ ಇರಲಿ, ಅಷ್ಟೇ.

ಪ್ರಶ್ನೆ: ಮಗನಿಗೆ ಎರಡು ವರ್ಷ, ಒಂದು ಪದವೂ ಇಲ್ಲ. ಚಪ್ಪಾಳೆ ತಟ್ಟಿದರೆ ತಿರುಗುತ್ತಾನೆ, ಹಾಗಾಗಿ ಕಿವಿ ಸರಿಯಿದೆ ಅಲ್ಲವೇ? ಅವರಪ್ಪನೂ ತಡವಾಗಿ ಮಾತಾಡಿದ್ದಂತೆ.
— ರಾಯಚೂರು

ಉತ್ತರ: ಚಪ್ಪಾಳೆ ಪರೀಕ್ಷೆಯಲ್ಲ. ಜೋರು ಸದ್ದು ಕೇಳಿಸಿ ಮಾತಿನ ಸಣ್ಣ ದನಿಗಳು ಕೇಳಿಸದ ಮಕ್ಕಳು ಎಷ್ಟೋ ಇದ್ದಾರೆ. ಕೆಲವರು ನಿಮ್ಮ ನೆರಳು ಕಂಡೇ ತಿರುಗುತ್ತಾರೆ. ಅಪ್ಪನ ಕಥೆ ಬಿಡಿ. ಮಗು ನಿದ್ದೆಯಲ್ಲಿದ್ದಾಗ ಕಿವಿ ಎಷ್ಟು ಕೇಳುತ್ತದೆ ಎಂದು ನೋಡುವ ಬೆರಾ ಪರೀಕ್ಷೆ ಇದೆ, ನೋವಿಲ್ಲ. ಈ ವಾರವೇ ಮಾಡಿಸಿ.