ಗ್ಯಾರೇಜಿನಲ್ಲಿ ಬಿಯರ್ ತಯಾರಿಕೆ: ಒಲೆ ಮತ್ತು ಉಷ್ಣತೆ

ಟೆಕ್ಸಾಸ್‌ನ ನಿಮ್ಮ ಮನೆಯ ಗ್ಯಾರೇಜಿನಲ್ಲಿ ಬಿಯರ್ ಕುದಿಸಲು ಪ್ರೊಪೇನ್ ಒಲೆ ಇಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ, ಬಾಗಿಲು ತೆರೆದಿಟ್ಟರೂ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಳ್ಳಬಲ್ಲದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. 240 ವೋಲ್ಟಿನ ವಿದ್ಯುತ್ ಕೆಟಲ್ ಮೇಲು. ಆದರೆ ನೆಲ ಒದ್ದೆಯಾಗುವ ಜಾಗವಾದ್ದರಿಂದ ಜಿಎಫ್‌ಸಿಐ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸಾಧನ) ರಕ್ಷಣೆಯಿರುವ ಪ್ರತ್ಯೇಕ ಸರ್ಕ್ಯೂಟನ್ನು ಎಲೆಕ್ಟ್ರಿಷಿಯನ್ನರಿಂದಲೇ ಹಾಕಿಸಿ. ಹಬೆಯನ್ನು ಹೊರದೂಡುವ ಫ್ಯಾನೂ ಬೇಕು.

ನನ್ನ ದೃಷ್ಟಿಯಲ್ಲಿ ನೀವು ಕೇಳದೇ ಬಿಟ್ಟ ಉಷ್ಣತೆಯ ಪ್ರಶ್ನೆಯೇ ದೊಡ್ಡದು: ಏಲ್ ಎಂಬ ಬಗೆಯ ಬಿಯರಿಗೆ ಬಳಸುವ ಯೀಸ್ಟ್‌ಗಳಲ್ಲಿ ಹೆಚ್ಚಿನವು 18ರಿಂದ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ಹುದುಗಿಸುತ್ತವೆ, ಅಲ್ಲಿನ ಬೇಸಿಗೆಯ ಗ್ಯಾರೇಜು 35 ದಾಟುತ್ತದೆ. ಆದ್ದರಿಂದ ಹೊಳೆಯುವ ಸ್ಟೀಲ್ ಪಾತ್ರೆಗಳಿಗೆ ಹಣ ಸುರಿಯುವ ಮೊದಲು ಹಳೆಯ ಫ್ರಿಜ್ಜೊಂದನ್ನೂ ಉಷ್ಣತಾ ನಿಯಂತ್ರಕವನ್ನೂ ಕೊಂಡು, ಹುದುಗಿಸುವ ಪಾತ್ರೆಯನ್ನು ಫ್ರಿಜ್ಜಿನೊಳಗಿಟ್ಟು, ನಿಯಂತ್ರಕದ ಸೆನ್ಸರನ್ನು ಪಾತ್ರೆಯ ಹೊರಮೈಗೆ ಅಂಟಿಸಿ, ಮೇಲೆ ಸ್ಪಂಜಿನ ತುಂಡು ಹೊದಿಸಿ. ಏಕೆಂದರೆ ಹುದುಗುವಾಗ ಒಳಗಿನ ದ್ರವವು ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಬಿಸಿಯಾಗಿರುತ್ತದೆ.