ಗ್ಯಾಲರಿ ಬಾಗಿಲ ಹತ್ರ ನಿಂತವರ ಪ್ರಶ್ನೆಗಳು

ಹೋದ ಸಲ ಈ ಕಾಲಮ್‌ನಲ್ಲಿ ಈಗಿನ ಕಾಲದ ಕಲೆ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ ಅಷ್ಟೆ, ಅದರ ಹಿಂದೆನೇ ಪತ್ರಗಳು ಬರ್ತಾನೇ ಇವೆ, ಹೆಚ್ಚುಕಮ್ಮಿ ಎಲ್ಲಾನೂ ಚಿತ್ರ ಮಾರೋ ಪ್ರೈವೇಟ್ ಗ್ಯಾಲರಿಗಳ ಬಗ್ಗೆ, ಅಲ್ಲಿ ನಡೆಯೋ ಶೋಗಳು, ಕಲಾವಿದರ ಮಾತುಕತೆ ಇವುಗಳ ಬಗ್ಗೆ. ಅದಕ್ಕೇ ಈ ಸಲದ ಜಾಗ ಪೂರ್ತಿ ಅದಕ್ಕೇ ಇಟ್ಟಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾನು ದಿನಾ ಓಡಾಡೋ ದಾರೀಲಿ ಒಂದು ಆರ್ಟ್ ಗ್ಯಾಲರಿ ಇದೆ. ಗಾಜಿನ ಬಾಗಿಲು, ಒಳಗೆ ಬಿಳಿ ಗೋಡೆ, ಮೂಲೇಲಿ ಒಬ್ರು ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ತಾರೆ. ಕೊಂಡ್ಕೊಳ್ಳೋ ಶಕ್ತಿ ನನಗಿಲ್ಲ. ಸುಮ್ನೆ ನೋಡೋಕೆ ಅಂತ ಒಳಗೆ ಹೋದ್ರೆ ತಪ್ಪಾಗತ್ತಾ?

ಉತ್ತರ: ಹೋಗಿ. ಖಂಡಿತ ಹೋಗಿ. ಇಂಥ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಟಿಕೆಟ್ ಇರಲ್ಲ, ಮೂಲೇಲಿ ಕೂತಿರೋರಿಗೆ ಒಂದು ನಮಸ್ಕಾರ ಹೇಳಿ ಒಳಗೆ ನಡೀರಿ, ಅವರು ತಲೆ ಎತ್ತದೇ ಇದ್ರೆ ಅದು ನಿಮ್ಮನ್ನ ಕಡೆಗಣಿಸಿದ್ದು ಅಂದ್ಕೋಬೇಡಿ, ನೋಡೋರನ್ನ ಅವರ ಪಾಡಿಗೆ ಬಿಡೋದು ಅಲ್ಲಿನ ರೂಢಿ. ಕೆಲವು ಕಡೆ ಮೊದಲೇ ಟೈಮ್ ತಗೊಂಡು ಬನ್ನಿ ಅಂತ ಬೋರ್ಡ್ ಇರತ್ತೆ, ಆಗ ಒಂದು ಫೋನ್ ಮಾಡಿದ್ರೆ ಮುಗೀತು.

ಹೌದು, ಅದು ಅಂಗಡಿನೇ, ಮಾರಿದ್ರೇನೇ ಬಾಡಿಗೆ ಕಟ್ಟೋಕಾಗೋದು. ಆದ್ರೆ ಗೋಡೆ ಮೇಲಿರೋ ಕೆಲಸಕ್ಕೆ ನೋಡೋ ಕಣ್ಣುಗಳು ಬೇಕು, ಅದು ಗ್ಯಾಲರಿಯವರಿಗೂ ಗೊತ್ತು. ಫ್ರಾನ್ಸಿನ ದೊಡ್ಡ ಚಿತ್ರಕಾರ ಸೆಜಾನ್‌ಗೆ ಮೊದಲನೇ ಸೋಲೋ ಶೋ ಸಿಕ್ಕಿದ್ದು 1895ರಲ್ಲಿ, ಪ್ಯಾರಿಸ್‌ನಲ್ಲಿ ವೊಲ್ಲಾರ್ ಅನ್ನೋ ಡೀಲರ್ ಅಂಗಡೀಲಿ, ಆಗ ಅವರಿಗೆ 56 ವರ್ಷ. ಅದೇ ವೊಲ್ಲಾರ್ ಹತ್ರ 1899ರಲ್ಲಿ, ಮುಂದೆ ದೊಡ್ಡ ಚಿತ್ರಕಾರ ಆದ, ಆಗಿನ್ನೂ ಹೆಸರಿಲ್ಲದ ಕೈಲಿ ಕಾಸೂ ಇಲ್ಲದ ಮಾತೀಸ್ ಕಷ್ಟಪಟ್ಟು ದುಡ್ಡು ಹೊಂದಿಸಿ ಸೆಜಾನ್ ಅವರ ಒಂದು ಚಿಕ್ಕ ಪೇಂಟಿಂಗ್ ಕೊಂಡ್ರು, ಸ್ನಾನಕ್ಕಿಳಿದ ಮೂವರು ಹೆಂಗಸರ ಚಿತ್ರ, ಅದನ್ನ 37 ವರ್ಷ ಹತ್ರಾನೇ ಇಟ್ಕೊಂಡು ಆಮೇಲೆ ಪ್ಯಾರಿಸ್ ನಗರದ ಮ್ಯೂಸಿಯಂಗೆ ಕೊಟ್ರು. ನೀವು ಮಾತೀಸ್ ಆಗ್ಬೇಕು ಅಂತ ಹೇಳ್ತಿಲ್ಲ, ಗ್ಯಾಲರಿಗೆ ಬರೋರೆಲ್ಲ ದುಡ್ಡಿರೋರೇ ಅನ್ನೋದು ಯಾವತ್ತೂ ನಿಜ ಆಗಿರ್ಲಿಲ್ಲ ಅಂತ ಹೇಳ್ತಿದೀನಿ.

ಇನ್ನೊಂದು ವಿಷ್ಯ ನೆನಪಾಯ್ತು. 1974ರಲ್ಲಿ ಮೈಕೆಲ್ ಆಶರ್ ಅನ್ನೋ ಕಲಾವಿದರು ಲಾಸ್ ಏಂಜಲೀಸ್‌ನ ಕ್ಲೇರ್ ಕಾಪ್ಲಿ ಗ್ಯಾಲರೀಲಿ ಶೋ ಮಾಡಿದಾಗ ಏನೂ ನೇತುಹಾಕ್ಲಿಲ್ಲ, ಚಿತ್ರ ಇಡೋ ಜಾಗಕ್ಕೂ ಹಿಂದಿನ ಆಫೀಸಿಗೂ ನಡುವೆ ಇದ್ದ ಗೋಡೆನ ತೆಗೆಸಿಬಿಟ್ರು ಅಷ್ಟೆ. ಬಂದವರಿಗೆ ಕಾಣ್ಸಿದ್ದು ಗ್ಯಾಲರಿಯವರು ಮೇಜಿನ ಹಿಂದೆ ಕೂತು ತಮ್ಮ ದಿನದ ವ್ಯವಹಾರ ನಡೆಸೋದು. ನನಗೆ ಅದು ತುಂಬಾ ಇಷ್ಟವಾದ ಶೋ, ಫೋಟೋದಲ್ಲಿ ಮಾತ್ರ ನೋಡಿರೋದಾದ್ರೂ. ಅದರ ಬಗ್ಗೆ ತಿಳಿದ ಮೇಲೆ ಯಾವ ಗ್ಯಾಲರಿ ಒಳಗೆ ಹೋದ್ರೂ ಆ ಲ್ಯಾಪ್‌ಟಾಪ್ ಇರೋ ಮೂಲೆ ನನಗೆ ಹೆದರಿಕೆ ಹುಟ್ಸೋದನ್ನ ನಿಲ್ಲಿಸ್ತು, ಅಲ್ಲಿ ಕೂತಿರೋರು ಕೆಲಸ ಮಾಡ್ತಿರೋ ಮನುಷ್ಯರು, ಕೇಳಿದ್ರೆ ಬೆಲೆ ಪಟ್ಟಿನೂ ಕೊಡ್ತಾರೆ, ಶೋ ಬಗ್ಗೆ ಬರೆದಿರೋ ಹಾಳೆನೂ ಕೊಡ್ತಾರೆ.

ಮುಟ್ಬೇಡಿ, ಬೆನ್ನಿಗಿರೋ ಬ್ಯಾಗನ್ನ ಮುಂದಕ್ಕೆ ಹಾಕ್ಕೊಳ್ಳಿ, ಫೋಟೋ ತೆಗೆಯೋ ಮುಂಚೆ ಕೇಳಿ. ಅಷ್ಟು ಸಾಕು.

ಪ್ರಶ್ನೆ: ಗೆಳತಿ ಜೊತೆ ಒಂದು ಶೋಗೆ ಹೋಗಿದ್ದೆ. ಒಂದು ರೂಮಲ್ಲಿ ಹಗ್ಗ, ಇನ್ನೊಂದರಲ್ಲಿ ಮಣ್ಣಿನ ರಾಶಿ. ಗೋಡೆ ಮೇಲಿದ್ದ ಬರಹ ಎರಡು ಸಲ ಓದ್ದೆ, ಅದಂತೂ ಇನ್ನೂ ಅರ್ಥ ಆಗ್ಲಿಲ್ಲ. ನನ್ನಲ್ಲೇ ಏನೋ ಕೊರತೆ ಇದೆಯಾ?

ಉತ್ತರ: ಇಲ್ಲ ಕಣಮ್ಮಾ, ನಿಮ್ಮಲ್ಲಿ ಯಾವ ಕೊರತೆನೂ ಇಲ್ಲ. ಆ ಗೋಡೆ ಬರಹಗಳು ಎಷ್ಟೋ ಸಲ ಕೆಟ್ಟದಾಗಿ ಬರೆದಿರ್ತಾರೆ, ಇದನ್ನ ಯಾರಾದ್ರೂ ಬಾಯಿಬಿಟ್ಟು ಹೇಳ್ಬೇಕು. ಬರೆದೋರಿಗೇ ಅದು ಪೂರ್ತಿ ಗೊತ್ತಿರತ್ತೋ ಇಲ್ವೋ ಅನ್ನೋ ಅನುಮಾನ ನನಗೆ ತುಂಬಾ ಸಲ ಬಂದಿದೆ.

ನಾನು ಮಾಡೋದು ಹೀಗೆ. ಒಳಗೆ ಹೋದ ತಕ್ಷಣ ಏನೂ ಓದಲ್ಲ. ಒಂದು ರೌಂಡ್ ಸುಮ್ನೆ ನಡೀತೀನಿ, ಯಾವುದೋ ಒಂದರ ಮುಂದೆ ಕಾಲು ತಾನಾಗೇ ನಿಲ್ಲತ್ತಲ್ಲ ಅಲ್ಲಿ ನಿಂತ್ಕೊಂಡು ಕಾಣೋದನ್ನ ಮನಸ್ಸಲ್ಲೇ ಹೇಳ್ಕೊಳ್ತೀನಿ, ಹಗ್ಗ ಹೊಸದಾ ಹಳೇದಾ, ಗಂಟು ಯಾರೋ ಕೈಯಲ್ಲಿ ಹಾಕಿದ್ದಾ, ಎಲ್ಲಿಂದ ಇಳಿಬಿದ್ದಿದೆ, ನನ್ನ ತಲೆಗಿಂತ ಮೇಲಿದೆಯಾ ಕೆಳಗಿದೆಯಾ, ಹತ್ರ ಹೋದ್ರೆ ವಾಸನೆ ಬರತ್ತಾ. ಇದೆಲ್ಲ ಆದ್ಮೇಲೆ ಲೇಬಲ್ ನೋಡ್ತೀನಿ, ಅದರಲ್ಲೂ ಮೊದಲು ಯಾವುದರಿಂದ ಮಾಡಿದ್ದು ಅನ್ನೋ ಸಾಲು. ಆ ಒಂದು ಸಾಲು ಸುಳ್ಳು ಹೇಳಲ್ಲ.

ಒಂದು ಉದಾಹರಣೆ ಕೊಡ್ತೀನಿ. ಫೆಲಿಕ್ಸ್ ಗೊನ್ಸಾಲೆಸ್ ಟೊರೆಸ್ ಅಂತ ಒಬ್ಬ ಕಲಾವಿದರಿದ್ರು, 1996ರಲ್ಲಿ ತೀರಿಕೊಂಡ್ರು. 1991ರಲ್ಲಿ ಅವರು ಮಾಡಿದ ಒಂದು ಕೃತಿ ಅಂದ್ರೆ ಮೂಲೇಲಿ ಬಣ್ಣಬಣ್ಣದ ಕಾಗದ ಸುತ್ತಿದ ಮಿಠಾಯಿ ರಾಶಿ. ಬಂದವರು ಒಂದೊಂದು ತಗೊಂಡು ಹೋಗ್ಬಹುದು, ಕರಗಿದ ಹಾಗೆ ಮತ್ತೆ ತುಂಬ್ತಾರೆ. ಏನೂ ಓದದೆ ನೋಡಿದ್ರೂ ಏನೋ ಆಗತ್ತೆ, ನಾವು ಕೈ ಚಾಚ್ತೀವಿ, ತಗೊಳ್ಳೋದಾ ಬೇಡ್ವಾ ಅಂತ ಆಚೀಚೆ ನೋಡ್ತೀವಿ, ಇನ್ನೊಬ್ರು ತಗೊಂಡ್ಮೇಲೆ ಧೈರ್ಯ ಬರತ್ತೆ, ಬಾಯಲ್ಲಿ ಸಿಹಿ ಇಟ್ಕೊಂಡು ಮುಂದಕ್ಕೆ ಹೋಗ್ತೀವಿ. ಆಮೇಲೆ ಗೊತ್ತಾಗತ್ತೆ ಅದು ಅವರ ಸಂಗಾತಿ ರಾಸ್ ಅವರ ಪೋರ್ಟ್ರೇಟ್ ಅಂತ, ರಾಸ್ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡಿದ್ರು, ರಾಶಿಗೆ ಅಂತ ಗೊತ್ತು ಮಾಡಿದ ತೂಕ 175 ಪೌಂಡ್ ಅಂದ್ರೆ ಸುಮಾರು 79 ಕೆ.ಜಿ., ಒಬ್ಬ ಮನುಷ್ಯನ ತೂಕ. ದಿನ ಕಳೆದ ಹಾಗೆ ರಾಶಿ ಕರಗೋದು ಯಾಕೆ ಅಂತ ಆಗ ಹೊಳೆಯತ್ತೆ, ನಮ್ಮ ಬಾಯಲ್ಲಿ ಕರಗ್ತಿರೋದು ಏನು ಅಂತಾನೂ. ಮೊದಲೇ ಓದಿಬಿಟ್ಟಿದ್ರೆ ಆ ಕೈ ಚಾಚಿದ ಕ್ಷಣ ನಮ್ಮದಾಗ್ತಿರ್ಲಿಲ್ಲ, ಓದದೇ ಹೋಗಿಬಿಟ್ಟಿದ್ರೆ ರಾಸ್ ನಮಗೆ ಸಿಗ್ತಿರ್ಲಿಲ್ಲ, ಅದಕ್ಕೇ ನಾನು ಓದ್ಬೇಡಿ ಅಂತ ಹೇಳ್ತಿಲ್ಲ, ಆಮೇಲೆ ಓದಿ ಅಂತೀನಿ.

ಎಲ್ಲಾ ರಾಶಿಗಳೂ ಹೀಗೆ ಬಾಗಿಲು ತೆಗೆಯಲ್ಲ. ಕೆಲವು ಶೋಗಳು ನಿಜವಾಗ್ಲೂ ಟೊಳ್ಳಾಗಿರ್ತವೆ. ಅರ್ಧ ಗಂಟೆ ಕೊಟ್ಟು ನೋಡಿದ ಮೇಲೂ ಏನೂ ಆಗ್ಲಿಲ್ಲ ಅಂದ್ರೆ ಇಷ್ಟ ಆಗ್ಲಿಲ್ಲ ಅಂತ ಹೇಳೋ ಹಕ್ಕು ನಿಮಗಿದೆ. ಆದ್ರೆ ಎರಡು ನಿಮಿಷ ನೋಡಿ ಹೇಳೋದು ಬೇರೆ. ಸಾಧ್ಯ ಆದ್ರೆ ಒಂದೇ ಶೋಗೆ ಎರಡು ಸಲ ಹೋಗಿ, ಓಪನಿಂಗ್ ದಿನ ಒಂದ್ಸಲ, ವಾರದ ಮಧ್ಯೆ ಯಾರೂ ಇಲ್ದಾಗ ಒಂದ್ಸಲ. ಓಪನಿಂಗ್ ದಿನ ಜನರನ್ನ ನೋಡ್ತೀವಿ, ಚಿತ್ರ ನೋಡೋಕೆ ಆಗಲ್ಲ.

ಪ್ರಶ್ನೆ: ಲೇಬಲ್ ಪಕ್ಕ ಕೆಂಪು ಚುಕ್ಕೆ ಅಂಟಿಸಿರ್ತಾರಲ್ಲ, ಏನದು? ಪ್ರಿಂಟ್ ಕೆಳಗೆ 3/25 ಅಂತ ಪೆನ್ಸಿಲಲ್ಲಿ ಬರೆದಿರ್ತಾರೆ, ಅದೇನು?

ಉತ್ತರ: ಕೆಂಪು ಚುಕ್ಕೆ ಅಂದ್ರೆ ಮಾರಾಟ ಆಗಿದೆ ಅಂತ. 3/25 ಅಂದ್ರೆ ಒಟ್ಟು 25 ಪ್ರತಿ ತೆಗೆದಿದಾರೆ, ಇದು ಅದರಲ್ಲಿ 3ನೇದು. ಅದಲ್ಲದೆ ಕಲಾವಿದರು ತಮಗೆ ಅಂತ ಕೆಲವು ಪ್ರತಿ ಇಟ್ಕೊಳ್ತಾರೆ, ಅದರ ಮೇಲೆ ಎ.ಪಿ. ಅಂದ್ರೆ ಆರ್ಟಿಸ್ಟ್ಸ್ ಪ್ರೂಫ್ ಅಂತ ಇರತ್ತೆ.

ಪ್ರಶ್ನೆ: ಅಕ್ಕಾ, ನಾನು ಡಿಗ್ರಿ ಎರಡನೇ ವರ್ಷ. ಗ್ಯಾಲರೀಲಿ ಆರ್ಟಿಸ್ಟ್ ಟಾಕ್ ಇತ್ತು, ಕೊನೇಲಿ ಪ್ರಶ್ನೆ ಕೇಳಿ ಅಂದ್ರು. ಎಲ್ರೂ ದೊಡ್ಡ ದೊಡ್ಡ ಮಾತಾಡ್ತಿದ್ರು, ನಾನು ಕೇಳ್ಬೇಕು ಅಂದ್ಕೊಂಡಿದ್ದು ತುಂಬಾ ಸಿಲ್ಲಿ ಅನ್ನಿಸ್ತು, ಸುಮ್ನಾಗ್ಬಿಟ್ಟೆ. ಆ ಬಿಳಿ ಬಣ್ಣ ಯಾಕೆ ಬಿರುಕು ಬಿಟ್ಟಿದೆ ಅಂತ ಕೇಳೋದಿತ್ತು ಅಷ್ಟೆ.

ಉತ್ತರ: ಅಯ್ಯೋ ತಮ್ಮಾ, ಅದನ್ನೇ ಕೇಳ್ಬೇಕಿತ್ತು! ಇಡೀ ಸಂಜೆಗೆ ಅದೇ ಒಳ್ಳೇ ಪ್ರಶ್ನೆ ಆಗಿರ್ತಿತ್ತು ಅಂತ ನನಗೆ ಅನ್ಸತ್ತೆ.

ಗ್ಯಾಲರೀಲಿ ನಡೆಯೋ ಮಾತುಕತೆ ಹೇಗಿರತ್ತೆ ಅಂದ್ರೆ ಕಲಾವಿದರ ಪಕ್ಕ ಒಬ್ರು ಕ್ಯುರೇಟರೋ, ಅಂದ್ರೆ ಶೋಗೆ ಕೆಲಸಗಳನ್ನ ಆರಿಸಿ ಜೋಡಿಸೋರು, ಇಲ್ಲಾ ವಿಮರ್ಶಕರೋ ಕೂತಿರ್ತಾರೆ, ಅವರನ್ನ ಕರೆಸಿರೋದು ಗ್ಯಾಲರಿಯವರೇ, ಶೋ ಇನ್ನೂ ನಡೀತಾ ಇರತ್ತೆ, ಕೆಲಸಗಳು ಮಾರಾಟ ಆಗೋದಿರತ್ತೆ, ಹಾಗಾಗಿ ಕಷ್ಟದ ಪ್ರಶ್ನೆ ಆ ಕಡೆಯಿಂದ ಬರೋದು ಕಮ್ಮಿ. ಮಾತು ಬೇಗ ದೊಡ್ಡ ಪದಗಳ ಕಡೆ ಹೋಗ್ಬಿಡತ್ತೆ, ಅಸ್ಮಿತೆ, ಸ್ಮೃತಿ, ಅವಕಾಶ, ಹೀಗೆ. ಕಲಾವಿದರೂ ನೂರು ಸಲ ಹೇಳಿದ್ದನ್ನೇ ಹೇಳ್ತಾರೆ. ಅವರನ್ನ ಅಲ್ಲಿಂದ ಕೆಳಗಿಳಿಸಿ ತಮ್ಮ ಕೆಲಸದ ಕೋಣೆಗೆ ವಾಪಸ್ ಕರ್ಕೊಂಡು ಹೋಗೋದು ನಿನ್ನಂಥ ಪ್ರಶ್ನೆ.

ನಾನೇ ಕಣ್ಣಾರೆ ನೋಡಿದೀನಿ. ತುಂಬಾ ವರ್ಷದ ಹಿಂದೆ ಒಂದು ಟಾಕ್‌ನಲ್ಲಿ ಒಂದು ಗಂಟೆ ಮಾತು ಮುಗಿದು ಎಲ್ರೂ ಆಕಳಿಸ್ತಿದ್ದಾಗ ಹಿಂದಿನ ಸಾಲಲ್ಲಿದ್ದ ಒಬ್ಬ ವಯಸ್ಸಾದ ಅಮ್ಮ ಎದ್ದು, ಈ ಬಟ್ಟೆ ಹೊಲಿದಿರೋ ದಾರ ಮಧ್ಯದಲ್ಲಿ ಬಣ್ಣ ಬದಲಾಗಿದೆಯಲ್ಲ, ದಾರ ಮುಗಿದುಹೋಯ್ತಾ ಅಂತ ಕೇಳಿದ್ರು. ಕೆಲವರು ನಕ್ರು. ಕಲಾವಿದೆ ಮಾತ್ರ ನಗಲಿಲ್ಲ, ಸ್ವಲ್ಪ ಹೊತ್ತು ಸುಮ್ನಿದ್ದು, ಹೌದು, ಅಲ್ಲೀತನಕ ನಮ್ಮಮ್ಮನ ಡಬ್ಬೀಲಿದ್ದ ದಾರ, ಅದು ಮುಗಿದ್ಮೇಲೆ ಎರಡು ತಿಂಗಳು ಆ ಬಟ್ಟೆ ಮುಟ್ಟೋಕೇ ಆಗ್ಲಿಲ್ಲ ಅಂದ್ರು. ಆಮೇಲೆ ಇಪ್ಪತ್ತು ನಿಮಿಷ ಮಾತಾಡಿದ್ರು, ಆ ಗಂಟೆ ಪೂರ್ತಿ ಹೇಳದೇ ಇದ್ದದ್ದೆಲ್ಲ ಹೇಳಿದ್ರು. ಆ ಅಮ್ಮ ಜೀವನ ಪೂರ್ತಿ ಹೊಲಿಗೆ ಮಾಡಿದೋರು ಅನ್ಸತ್ತೆ, ಅವರ ಕಣ್ಣಿಗೆ ಅದು ಬಿದ್ದಿತ್ತು, ಕ್ಯುರೇಟರ್ ಕಣ್ಣಿಗೆ ಬಿದ್ದಿರ್ಲಿಲ್ಲ.

ಹಾಗಾಗಿ ಟಾಕ್ ಶುರುವಾಗೋಕೆ ಅರ್ಧ ಗಂಟೆ ಮುಂಚೆ ಹೋಗು, ಶೋ ನೋಡು, ಕಣ್ಣಿಗೆ ಬಿದ್ದ ಒಂದು ವಿಚಿತ್ರ ಸಂಗತಿ ಬರ್ಕೋ. ಅದನ್ನೇ ಒಂದೇ ಸಾಲಲ್ಲಿ ಕೇಳು. ಯಾವುದು ಕೈಕೊಡ್ತು, ಯಾವುದನ್ನ ಎಸೆದ್ರಿ, ಮುಗೀತು ಅಂತ ಹೇಗೆ ಗೊತ್ತಾಯ್ತು, ಇವೆಲ್ಲ ಯಾವತ್ತೂ ನಡೆಯೋ ಪ್ರಶ್ನೆಗಳು. ಮೈಕ್ ಹಿಡಿಯೋಕೆ ಭಯ ಆದ್ರೆ ಮುಗಿದ ಮೇಲೆ ಹತ್ತು ನಿಮಿಷ ನಿಂತ್ಕೋ, ಕಲಾವಿದರು ಅಲ್ಲೇ ಇರ್ತಾರೆ, ಹತ್ರ ಹೋಗಿ ಮಾತಾಡ್ಸು.

ಒಂದು ಮಾತು ಸೇರಿಸ್ತೀನಿ. ಕೆಲವರಿಗೆ ತಮ್ಮ ಕೆಲಸ ವಿವರಿಸೋಕೆ ಬರಲ್ಲ, ಅದಕ್ಕೆ ಕೆಲಸ ಕೆಟ್ಟದು ಅಂತ ತೀರ್ಮಾನ ಮಾಡ್ಬೇಡ. 1965ರ ನವೆಂಬರ್‌ನಲ್ಲಿ ಜರ್ಮನಿಯ ಡ್ಯುಸೆಲ್‌ಡೋರ್ಫ್‌ನ ಷ್ಮೇಲಾ ಗ್ಯಾಲರೀಲಿ ಯೋಸೆಫ್ ಬೋಯ್ಸ್ ಅನ್ನೋ ಕಲಾವಿದರು ತಲೆಗೂ ಮುಖಕ್ಕೂ ಜೇನುತುಪ್ಪ, ಬಂಗಾರದ ರೇಕು ಮೆತ್ಕೊಂಡು ತೋಳಲ್ಲಿ ಒಂದು ಸತ್ತ ಮೊಲ ಎತ್ಕೊಂಡು, ಗೋಡೆ ಮೇಲಿದ್ದ ಒಂದೊಂದು ಚಿತ್ರದ ಮುಂದೆನೂ ನಿಂತು ಮೊಲದ ಕಿವೀಲಿ ಪಿಸುಗುಟ್ತಾ ವಿವರಿಸಿದ್ರು. ಜನ ಹೊರಗಡೆ, ಕಿಟಕಿಯಿಂದ ನೋಡ್ತಿದ್ರು, ಮಾತು ಒಂದೂ ಕೇಳಿಸ್ತಿರ್ಲಿಲ್ಲ. ಚಿತ್ರನ ವಿವರಿಸೋದು ಎಷ್ಟು ಕಷ್ಟ ಅನ್ನೋದನ್ನ ಅಷ್ಟು ಗಾಢವಾಗಿ ತೋರಿಸಿದ್ದು ನಾನು ಬೇರೆಲ್ಲೂ ಕಂಡಿಲ್ಲ.

ಪ್ರಶ್ನೆ: ನಾನು ಚಿತ್ರ ಬರೀತೀನಿ. ಒಂದು ಗ್ಯಾಲರಿಯವರು ಶೋ ಮಾಡೋಣ ಅಂದಿದಾರೆ, ಮಾರಿದ್ರಲ್ಲಿ ಅರ್ಧ ಅವರಿಗಂತೆ. ಇದು ಮೋಸನಾ? ಇನ್ನೊಂದು ಕಡೆ ಕಮಿಷನ್ ಬೇಡ, ಗೋಡೆಗೆ ಬಾಡಿಗೆ ಕೊಡಿ ಅಂತಿದಾರೆ.

ಉತ್ತರ: ಅರ್ಧ ಕಮಿಷನ್ ಅಂದ್ರೆ ಕೇಳೋಕೆ ಜಾಸ್ತಿ ಅನ್ಸತ್ತೆ, ಆದ್ರೆ ಗ್ಯಾಲರಿ ಲೋಕದಲ್ಲಿ ಅದು ಸಾಮಾನ್ಯ ಲೆಕ್ಕ. ಆ ಅರ್ಧಕ್ಕೆ ಅವರು ಏನು ಮಾಡ್ತಾರೆ ಅನ್ನೋದನ್ನ ನೋಡಿ. ಜಾಗ, ಲೈಟು, ಪ್ರಚಾರ, ಕೊಳ್ಳೋರನ್ನ ಕರೆಯೋದು, ನಿಮ್ಮ ಹೆಸರನ್ನ ವರ್ಷಗಟ್ಟಲೆ ಹೇಳ್ತಾ ಇರೋದು, ಇದೆಲ್ಲ ಮಾಡಿದ್ರೆ ಅದು ಸಂಪಾದನೆ. ಬಾಡಿಗೆ ಕೇಳೋರ ಬಗ್ಗೆ ಹುಷಾರು, ಯಾಕಂದ್ರೆ ಅವರ ದುಡ್ಡು ನಿಮ್ಮಿಂದಾನೇ ಬಂದುಬಿಟ್ಟಿರತ್ತೆ, ಚಿತ್ರ ಮಾರೋ ಅವಸರ ಅವರಿಗೆ ಇರಲ್ಲ. ಒಂದು ಹಾಲ್ ಬಾಡಿಗೆಗೆ ತಗೊಂಡು ನೀವೇ ಶೋ ಮಾಡ್ಕೊಳ್ಳೋದು ಬೇರೆ ವಿಷ್ಯ, ಅದರಲ್ಲಿ ತಪ್ಪಿಲ್ಲ.

ಬಾಯಿಮಾತಲ್ಲಿ ಬಿಡ್ಬೇಡಿ. ಚಿತ್ರ ಮಾರೋ ತನಕ ಅದರ ಒಡೆಯರು ನೀವೇ ಅಂತ ಬರೆಸಿ. ಎಷ್ಟು ಚಿತ್ರ ಕೊಟ್ರಿ, ಒಂದೊಂದರ ಬೆಲೆ ಎಷ್ಟು, ಮಾರಿದ ಎಷ್ಟು ದಿನಕ್ಕೆ ದುಡ್ಡು, ಡಿಸ್ಕೌಂಟ್ ಕೊಟ್ರೆ ಅದು ಯಾರ ಪಾಲಿಂದ, ಫ್ರೇಮು ಸಾಗಾಣಿಕೆ ಇನ್ಶೂರೆನ್ಸ್ ಯಾರ ಖರ್ಚು, ಹಾಳಾದ್ರೆ ಏನು, ಮಾರದೇ ಉಳಿದದ್ದು ಯಾವ ತಾರೀಖಿಗೆ ವಾಪಸ್. ನನ್ನ ಒಬ್ಬ ಗೆಳತಿ ಈ ಕೊನೇ ಸಾಲು ಬರೆಸದೆ ತನ್ನದೇ ಚಿತ್ರಗಳಿಗೆ ಒಂದು ವರ್ಷ ಅಲೆದಾಡಿದ್ಲು, ಅವಳ ಮುಖ ನೆನಪಾದ್ರೆ ನನಗೆ ಈಗ್ಲೂ ಸಂಕಟ ಆಗತ್ತೆ.

ಆಮೇಲೆ ಮರುಮಾರಾಟ. ನೀವು ಕಮ್ಮಿಗೆ ಕೊಟ್ಟ ಚಿತ್ರ ಹತ್ತು ವರ್ಷಕ್ಕೆ ಹತ್ತುಪಟ್ಟಿಗೆ ಮಾರಿದ್ರೆ ನಿಮಗೇನು ಸಿಗತ್ತೆ? ಫ್ರಾನ್ಸಲ್ಲಿ 1920ರಲ್ಲೇ ಕಲಾವಿದರಿಗೆ ಮರುಮಾರಾಟದಲ್ಲಿ ಪಾಲು ಅಂತ ಕಾನೂನು ಬಂತು. 1971ರಲ್ಲಿ ನ್ಯೂಯಾರ್ಕ್‌ನಲ್ಲಿ ಕಲಾ ಶೋಗಳನ್ನ ಏರ್ಪಡಿಸ್ತಿದ್ದ ಸೆತ್ ಸೀಗೆಲಾಬ್, ಲಾಯರ್ ರಾಬರ್ಟ್ ಪ್ರೊಜಾನ್‌ಸ್ಕಿ ಸೇರಿ ಕಲಾವಿದರಿಗೆ ಅಂತಾನೇ ಒಂದು ಒಪ್ಪಂದದ ನಮೂನೆ ಬರೆದು ಹಂಚಿದ್ರು, ಅದರಲ್ಲಿ ಬೆಲೆ ಏರಿದ ಮೊತ್ತದಲ್ಲಿ ಶೇಕಡಾ 15 ಕಲಾವಿದರಿಗೆ ಅಂತ ಇತ್ತು. ಎಲ್ಲಾ ದೇಶದಲ್ಲೂ ಒಂದೇ ನಿಯಮ ಇಲ್ಲ, ಹಾಗಾಗಿ ಸಹಿ ಹಾಕೋ ಮುಂಚೆ ಒಬ್ಬ ವಕೀಲರಿಗೆ ಆ ಹಾಳೆ ತೋರ್ಸಿ.

ಪ್ರಶ್ನೆ: ಏಳು ವರ್ಷದ ಮಗಳನ್ನ ಕರ್ಕೊಂಡು ಹೋಗ್ಬಹುದಾ?

ಉತ್ತರ: ಕರ್ಕೊಂಡು ಹೋಗಿ, ನೆಲದ ಮೇಲೆ ಇಟ್ಟಿರೋ ಕೆಲಸಗಳ ಹತ್ರ ಮಾತ್ರ ಕೈ ಹಿಡ್ಕೊಂಡಿರಿ. ಗೋಡೆ ಮೇಲಿನ ಚಿತ್ರಗಳ ನಡುಭಾಗ ಸಾಮಾನ್ಯವಾಗಿ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬರೋ ಹಾಗೆ ತೂಗುಹಾಕಿರ್ತಾರೆ, ದೊಡ್ಡೋರ ಕಣ್ಣಿನ ಲೆಕ್ಕ ಅದು, ಹಾಗಾಗಿ ಒಂದೆರಡು ಚಿತ್ರದ ಮುಂದೆ ಅವಳನ್ನ ಎತ್ಕೊಳ್ಳಿ, ಇನ್ನೆರಡರ ಮುಂದೆ ನೀವೇ ಅವಳ ಎತ್ತರಕ್ಕೆ ಕೂತು ನೋಡಿ. ಇಪ್ಪತ್ತು ನಿಮಿಷ ಆದ್ಮೇಲೆ ಅವಳು ಸಾಕು ಅಂದ್ರೆ ಹೊರಟುಬಿಡಿ.