ಹೊಟ್ಟೆ ತುಂಬಿದರೂ ಸುಸ್ತೇಕೆ?

ಪ್ರಶ್ನೆ: ಕರಿದ ತಿಂಡಿ, ಸಿಹಿ ಬಿಟ್ಟು ತರಕಾರಿ, ಹಣ್ಣು, ಮೊಳಕೆ ಕಾಳುಗಳನ್ನೇ ಹೊಟ್ಟೆ ತುಂಬ ತಿನ್ನುತ್ತಿದ್ದೇನೆ. ಆದರೂ ತೂಕ ಇಳಿಯುತ್ತಿದೆ, ಸಂಜೆಯ ಹೊತ್ತಿಗೆ ಸುಸ್ತಾಗುತ್ತದೆ. ಸಸ್ಯಾಹಾರದಲ್ಲಿ ಸಾಕಷ್ಟು ಕ್ಯಾಲೊರಿ ಸಿಗುವುದಿಲ್ಲವೇ?

ಉತ್ತರ: ಖಂಡಿತ ಸಿಗುತ್ತದೆ. ಆದರೆ ನೀರು ಮತ್ತು ನಾರಿನಂಶ ಹೆಚ್ಚಿರುವ ತರಕಾರಿಗಳು ದೇಹಕ್ಕೆ ಬೇಕಾದಷ್ಟು ಶಕ್ತಿ ಒದಗಿಸುವ ಮೊದಲೇ ಹೊಟ್ಟೆಯನ್ನು ತುಂಬಿಸಿಬಿಡುತ್ತವೆ. 100 ಗ್ರಾಂ ಸೌತೆಕಾಯಿಯಲ್ಲಿ ಸುಮಾರು 15 ಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ಕಡಲೆಕಾಯಿ ಬೀಜದಲ್ಲಿ 550ಕ್ಕೂ ಹೆಚ್ಚಿರುತ್ತದೆ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಿಂದ 4 ಕ್ಯಾಲೊರಿ ದೊರೆತರೆ ಕೊಬ್ಬಿನಿಂದ 9 ದೊರೆಯುತ್ತದೆ. ಕರಿದದ್ದನ್ನು ಬಿಡುವ ಭರದಲ್ಲಿ ನೀವು ಎಣ್ಣೆಯನ್ನೇ ದೂರವಿಟ್ಟಂತೆ ಕಾಣುತ್ತದೆ. ಬೇಯಿಸಿದ ಕಾಳಿಗೆ ಒಂದು ದೊಡ್ಡ ಚಮಚ ಎಣ್ಣೆ ಬೆರೆಸಿದರೂ ಸುಮಾರು 120 ಕ್ಯಾಲೊರಿ ಸೇರುತ್ತದೆ, ತಟ್ಟೆಯ ಗಾತ್ರವೇನೂ ಹೆಚ್ಚುವುದಿಲ್ಲ. ಊಟಗಳ ನಡುವೆ ಒಂದು ಹಿಡಿ ಬಾದಾಮಿ ಅಥವಾ ಒಣದ್ರಾಕ್ಷಿ ತಿನ್ನಿ. ಹಸಿ ತರಕಾರಿಯನ್ನು ಊಟದ ಆರಂಭಕ್ಕಲ್ಲ, ಕೊನೆಗೆ ಇಟ್ಟುಕೊಳ್ಳಿ. ಧಾನ್ಯವನ್ನಂತೂ ಕಡಿತಗೊಳಿಸಬೇಡಿ. ಇಷ್ಟಾದರೂ ತೂಕ ಇಳಿಯುತ್ತಲೇ ಇದ್ದರೆ ಅದನ್ನು ಆಹಾರದ ಲೆಕ್ಕಕ್ಕೇ ಹಚ್ಚದೆ, ವೈದ್ಯರನ್ನು ಕಂಡು ಥೈರಾಯ್ಡ್ ಮತ್ತು ರಕ್ತದ ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಿ.